ಎರೆ ಮೀಮಾಂಸೆ

ಗಾಳ ಹಾಕುವವನಿಗೆ ಕೋಲು, ದಾರ, ಮುಳ್ಳು, ಬೆಂಡು ಇವೆಲ್ಲ ಬರೀ ಸಾಧನಗಳು, ಎರೆಯೊಂದೇ ಸಿದ್ಧಾಂತ. ಕೋಲಿನ ಗುಣ ಅಂಗಡಿಯವನು ಹೇಳುತ್ತಾನೆ, ದಾರದ ತಾಕತ್ತು ಅದರ ಸುರುಳಿಯ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಎರೆಯ ವಿಷಯಕ್ಕೆ ಬಂದರೆ ಮಾತ್ರ ಕೆರೆ ಏರಿಯ ಮೇಲೆ ಕೂತ ಪ್ರತಿಯೊಬ್ಬನಿಗೂ ಸ್ವಂತ ದರ್ಶನವಿದೆ. ಪಕ್ಕದವನ ದರ್ಶನದ ಬಗ್ಗೆ ಕನಿಕರವೂ ಇದೆ. ಇಂಥ ಮತಭೇದಗಳಿಂದ ಕಲುಷಿತವಾದ ಶಾಸ್ತ್ರವನ್ನು ಒಂದು ಕ್ರಮಕ್ಕೆ ತರುವ ಭಾರ ಈ ಪ್ರಬಂಧಕಾರನ ಹೆಗಲಿಗೆ ಬಿದ್ದಿದೆ. ಅಧ್ಯಯನದ ವ್ಯಾಪ್ತಿ: ಬಚ್ಚಲ ಹಿಂದಿನಿಂದ ಅಡುಗೆಮನೆಯವರೆಗೆ. ಮಿತಿ: ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು.

ಯಾವ ವಿಷಯಕ್ಕೇ ಆಗಲಿ ಮರ್ಯಾದೆ ಬರಬೇಕಾದರೆ ಹಿಂದೆ ಒಬ್ಬ ರಾಜನಾದರೂ ಇರಬೇಕು. ನಮಗೆ ಇದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ, ಆರನೆಯ ವಿಕ್ರಮಾದಿತ್ಯನ ಮಗ, ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗಿರಬೇಕು ಎಂದು ಮಹಾರಾಜರು ಸಾವಧಾನವಾಗಿ ಬರೆದಿದ್ದಾರೆ. ಎಳ್ಳು, ಕಡಲೆ ಹಿಟ್ಟು, ಅನ್ನ, ಮಾಂಸ: ಅರಮನೆಯ ಉಗ್ರಾಣದಲ್ಲಿ ಸಿಗದ ಎರೆ ಇವುಗಳಲ್ಲಿ ಒಂದೂ ಇಲ್ಲ. ಉಗ್ರಾಣದಿಂದ ಹಿಟ್ಟು ತೆಗೆಯುವಾಗ ಸಾರ್ವಭೌಮನು ಯಾರ ಕಣ್ಣು ತಪ್ಪಿಸಿದ ಎಂಬ ಮುಖ್ಯ ಪ್ರಶ್ನೆಗೆ ಮಾತ್ರ ಗ್ರಂಥ ಮೌನ ತಾಳಿದೆ. ಅವನ ಕಾಲದಲ್ಲೇ ಹೊಯ್ಸಳರು ಬಲಿತು ಚಾಲುಕ್ಯರ ಹಿಡಿತ ಸಡಿಲವಾಯಿತು ಎಂದು ಇತಿಹಾಸಕಾರರು ಕಾರಣ ಹುಡುಕುತ್ತ ಪುಟಗಟ್ಟಲೆ ಬರೆಯುತ್ತಾರೆ. ಬೆಂಡಿನ ಮೇಲೆ ಕಣ್ಣಿಟ್ಟು ಕೂತ ಅನುಭವವಿರುವವರಿಗೆ ಒಂದು ಸಾಲು ಸಾಕು.

ಇನ್ನು ಪಂಥಗಳು. ಅತಿ ಪ್ರಾಚೀನವಾದದ್ದು ಹುಳುಪಂಥ. ಬಚ್ಚಲ ನೀರು ಹರಿದು ನಿಲ್ಲುವ ಬಾಳೆಗಿಡದ ಬುಡ ಇವರ ಪುಣ್ಯಕ್ಷೇತ್ರ, ಹಾರೆ ಇವರ ಪ್ರಮಾಣ. ಎರೆಹುಳುವಿಗೆ ಬಾಯಿ ಹಾಕದ ಮೀನು ಕಡಿಮೆ ಎಂಬುದನ್ನು ಎದುರು ಪಂಥದವರೂ ಒಪ್ಪುತ್ತಾರೆ. ಆದರೆ ಮಣ್ಣು ಅಗೆದು ಹುಳು ಹುಡುಕುವುದರಲ್ಲಿ ಶ್ರಮವಿದೆ, ಪಾಂಡಿತ್ಯವಿಲ್ಲ. ಆದ್ದರಿಂದ ಇವರನ್ನು ಇಲ್ಲಿಗೇ ಬಿಡೋಣ.

ಶಾಸ್ತ್ರದ ಶಿಖರ ಮುದ್ದೆಪಂಥ. ಕಾವೇರಿ ದಂಡೆಯ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರಿಗೆ, ರಾಗಿಯೇ ಹೆಸರಾಂತ ಎರೆಯಾಗಿತ್ತು. ಇಂಗ್ಲೆಂಡಿನಿಂದ ವಿಮಾನ ಹತ್ತಿ, ಪೆಟ್ಟಿಗೆ ತುಂಬ ಹೊಳೆಯುವ ಸಲಕರಣೆ ಹೊತ್ತು ಬಂದ ದೊರೆಗಳೂ ಕೊನೆಗೆ ಸ್ಥಳೀಯರು ಬೇಯಿಸಿ ಕೊಟ್ಟ ರಾಗಿ ಉಂಡೆಗೆ ಶರಣಾದರು. ವಿಧಾನ ಹೀಗೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡಬೇಕು. ಬರೀ ಹಸಿ ಹಿಟ್ಟಾದರೆ ಹೊಳೆಯ ಸೆಳೆತಕ್ಕೆ ಕ್ಷಣದಲ್ಲಿ ಕದಡಿ ಹೋಗುತ್ತದೆ. ಬೆಂದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗಿ, ಉಂಡೆ ರಬ್ಬರಿನ ಹದಕ್ಕೆ ಬಂದು ಮುಳ್ಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ.

ಇಲ್ಲಿ ಪ್ರಬಂಧಕಾರನು ತನ್ನದೇ ಆದ ಪ್ರಮೇಯವೊಂದನ್ನು ವಿನಯದಿಂದ ಮಂಡಿಸುತ್ತಾನೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಮಂಡ್ಯ ಸೀಮೆಯ ಮಕ್ಕಳಿಗೂ ಗೊತ್ತಿರುವ ಆಚಾರ. ಬಿಳಿಮೀನು, ರೋಹು, ಕಾಟ್ಲಾ, ಗೆಂಡೆ ಇವೆಲ್ಲ ಒಂದೇ ಮನೆತನದವು. ಈ ಮನೆತನದ ಯಾವ ಮೀನಿಗೂ ದವಡೆಯಲ್ಲಿ ಹಲ್ಲಿಲ್ಲ. ಇರುವ ಹಲ್ಲುಗಳು ಗಂಟಲಲ್ಲಿವೆ. ಜೊತೆಗೆ ಇವಕ್ಕೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಬಾಯಲ್ಲಿ ಹಲ್ಲಿಗೆ ತಾಗಿಸದೆ ನುಂಗುವುದು, ಹೊಟ್ಟೆ ತುಂಬಿತು ಎಂದು ಹೇಳುವ ಅಂಗವೇ ಇಲ್ಲದಿರುವುದು: ಈ ಎರಡು ಲಕ್ಷಣಗಳಿಂದ ಬಿಳಿಮೀನು ಮೂಲತಃ ಮಳವಳ್ಳಿ ತಾಲ್ಲೂಕಿನದೇ ಎಂದು ಸಿದ್ಧವಾಗುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅದು ಏನುಂಡು ಹಾಗೆ ಬೆಳೆದಿತ್ತು ಎಂದು ಕೇಳಿ ನೋಡಿ, ಪ್ರಶ್ನೆ ಮುಗಿಯುವ ಮುನ್ನ ಮುದ್ದೆಪಂಥದವರು ಉತ್ತರ ಕೊಡುತ್ತಾರೆ.

ದುಃಖದ ಸಂಗತಿಯೆಂದರೆ ಈ ಪಂಥಕ್ಕೆ ಈಗ ಅದರ ದೇವರೇ ಇಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನಂಚಿನ ಪಟ್ಟಿಯ ತೀರಾ ಗಂಭೀರ ವರ್ಗಕ್ಕೆ ಸೇರಿತು. ಅದಕ್ಕೆ ಈಗ ಯಾವ ಎರೆಯೂ ಸಲ್ಲದು. ಮುದ್ದೆಯನ್ನು ನಾವೇ ನುಂಗತಕ್ಕದ್ದು. ಹೀಗಾಗಿ ಇಂದಿನ ವಿದ್ವಾಂಸನು ಊರ ಕೆರೆಯ ಗೆಂಡೆಗೂ ಜಿಲೇಬಿ ಮೀನಿಗೂ ತನ್ನ ಪ್ರತಿಭೆಯನ್ನು ಇಳಿಸಿಕೊಳ್ಳಬೇಕಾಗಿದೆ. ಜಿಲೇಬಿ ಮೀನು 1952ರಲ್ಲಿ ಹೊರದೇಶದಿಂದ ಬಂದದ್ದು. ಅದಕ್ಕೆ ಇಡ್ಲಿ ಚೂರೂ ಆದೀತು, ಬ್ರೆಡ್ಡಿನ ತುದಿಯೂ ಆದೀತು. ವಿವೇಚನೆಯಿಲ್ಲದ ಓದುಗನ ಮುಂದೆ ಕಾವ್ಯ ಇಟ್ಟರೆ ಕವಿಗೆ ಆಗುವ ಬೇಸರವೇ ಇಲ್ಲಿಯೂ ಆಗುತ್ತದೆ.

ಚಪಾತಿ ಹಿಟ್ಟಿನ ಪಂಥ ತೀರಾ ಈಚಿನದು, ಆದರೆ ತಾಂತ್ರಿಕವಾಗಿ ಮುಂದುವರಿದದ್ದು. ಗೋಧಿ ಹಿಟ್ಟಿಗೆ ಜಿಗುಟಿದೆ, ಆದರೂ ನೀರಲ್ಲಿ ಹೆಚ್ಚು ಹೊತ್ತು ನಿಲ್ಲದು. ಅದಕ್ಕೆ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಿಟ್ಟಿನೊಳಗೆ ಸೇರಿಸಿ ನಾದುತ್ತಾರೆ. ಮೊದಲು ಎಳೆಗಳು ಬೆರಳಿಗೆ ಸುತ್ತಿಕೊಂಡು ಬರುತ್ತವೆ, ಆಮೇಲೆ ಒಂದೊಂದಾಗಿ ಒಳಗೆ ಮರೆಯಾಗುತ್ತವೆ. ಕಡೆಗೆ ಉಂಡೆಯನ್ನು ಎಳೆದರೆ ಹರಿಯದೆ ಹಿಂಜಿಕೊಂಡು ನಿಲ್ಲುತ್ತದೆ. ಒಂದು ಚೂರನ್ನು ಚೊಂಬಿನ ನೀರಿಗೆ ಹಾಕಿ, ಎರಡು ಬೀಡಿ ಸೇದುವಷ್ಟು ಹೊತ್ತು ನೀರು ಬೆಳ್ಳಗಾಗದಿದ್ದರೆ ಅದು ಶಾಸ್ತ್ರೋಕ್ತ. ಹತ್ತಿ ಎಲ್ಲಿಂದ ಎಂಬುದರ ಬಗ್ಗೆ ದಾಖಲಾದ ಸಂವಾದವೊಂದನ್ನು ಇಲ್ಲಿ ಉಲ್ಲೇಖಿಸಬಹುದು:

“ಹಿಟ್ಟಿನ ಡಬ್ಬಿ ಮುಚ್ಚಳ ಯಾರ್ಲಾ ತೆಗ್ದೋರು?”

“ನಾನಲ್ಲ ಕಣವ್ವ. ಬೆಕ್ಕಿರಬೇಕು.”

“ಓಹೋ. ದೇವ್ರ ಮುಂದಿದ್ದ ಬತ್ತಿ ಹತ್ತೀನೂ ಬೆಕ್ಕೇ ಹೊತ್ಕೊಂಡೋಯ್ತಾ?”

ಈ ಪೂರ್ವಪಕ್ಷಕ್ಕೆ ಇದುವರೆಗೆ ಯಾರೂ ಸಮರ್ಪಕ ಉತ್ತರ ಕೊಟ್ಟಿಲ್ಲ.

ವಾಸನಾವಾದವನ್ನೂ ಎರಡು ಮಾತಿನಲ್ಲಿ ಮುಟ್ಟಬೇಕು. ಇವರು ಹಿಟ್ಟಿಗೆ ಇಂಗು, ಓಮ, ಬೆಲ್ಲ, ಕಸ್ಟರ್ಡ್ ಪುಡಿ ಎಲ್ಲವನ್ನೂ ಬೆರೆಸಿ ನೋಡುವವರು. ನಗುವ ಹಾಗಿಲ್ಲ. ಮೀಸೆಯಿರುವ ಚೇಳುಮೀನಿನಂಥವುಗಳಿಗೆ ರುಚಿ ತಿಳಿಯುವ ಮೊಗ್ಗುಗಳು ನಾಲಿಗೆಗೆ ಸೀಮಿತವಲ್ಲ, ಮೀಸೆಯಲ್ಲೂ ಮೈಮೇಲೂ ಹರಡಿವೆ. ಕದಡಿದ ನೀರಲ್ಲಿ ಕಣ್ಣಿನ ಹಂಗಿಲ್ಲದೆ ಅವು ಊಟ ಹುಡುಕುವುದು ಹೀಗೆ. ಮೈಯಿಂದಲೇ ರುಚಿ ನೋಡುವ ಜೀವಿಗೆ ಭಾನುವಾರದ ಕೋಳಿಯ ಕರುಳು, ಈಲಿ ಸಿಕ್ಕರೆ ಇಂಗಿನ ಒಗ್ಗರಣೆ ಬೇಕಿಲ್ಲ. ಭಾನುವಾರ ಎಲ್ಲರ ಮನೆಯಲ್ಲೂ ಕೋಳಿ ಕೊಯ್ಯುವುದಿಲ್ಲವಲ್ಲ, ಅಲ್ಲಿಯೇ ಇಂಗಿನ ಉಪಪಂಥ ಹುಟ್ಟಿದ್ದು.

ಆದರೆ ಎಲ್ಲರ ಬಾಯಿ ಮುಚ್ಚಿಸುವ ವಸ್ತು ಅಡುಗೆಮನೆಯಲ್ಲಿಲ್ಲ, ಕೊಟ್ಟಿಗೆಯಲ್ಲಿದೆ. ಮೀನು ಸಾಕುವ ಕೆರೆ, ಕೊಳಗಳಲ್ಲಿ ರೋಹು, ಕಾಟ್ಲಾಗಳಿಗೆ ಹಾಕುವ ಆಹಾರವೇ ಕಡಲೆಕಾಯಿ ಹಿಂಡಿ ಮತ್ತು ತೌಡು. ಮರಿಯಿದ್ದಾಗಿನಿಂದ ಅದನ್ನೇ ತಿಂದು ಬೆಳೆದ ಮೀನು ನಮ್ಮ ಕಸ್ಟರ್ಡಿಗೆ ಯಾಕೆ ಮನಸೋಲಬೇಕು? ಎಮ್ಮೆಯ ಪಾಲಿನಿಂದ ಒಂದು ಹಿಡಿ ಹಿಂಡಿ ಎತ್ತಿ ನೆನೆಸಿ, ಕೂರುವ ಜಾಗದಲ್ಲಿ ಮೊದಲೇ ಎರಚಿ, ಅದನ್ನೇ ಉಂಡೆ ಕಟ್ಟಿ ಮುಳ್ಳಿಗೆ ಸಿಕ್ಕಿಸಿದರೆ ಬೆಂಡು ಅಲ್ಲಾಡುತ್ತದೆ. ಎಳ್ಳನ್ನೂ ಕಡಲೆ ಹಿಟ್ಟನ್ನೂ ಹೇಳಿದ ಸೋಮೇಶ್ವರನಿಂದ ಕಡಲೆಕಾಯಿ ಹಿಂಡಿಗೆ ಬರಲು ಶಾಸ್ತ್ರಕ್ಕೆ ಒಂಬೈನೂರು ವರ್ಷ ಹಿಡಿಯಿತು. ಸಂಶೋಧನೆ ಎಂದರೆ ನಿಧಾನವೇ.

ಕೊನೆಯದಾಗಿ ಬರಿಗಾಳದ ಸಮಸ್ಯೆ. ದಾರ ಎಳೆದಾಗ ಮುಳ್ಳು ಬೋಳಾಗಿ ಬರುತ್ತದೆ, ಎರೆ ಇಲ್ಲ. ಈ ಇಲ್ಲದಿರುವಿಕೆ ಯಾವ ಜಾತಿಯದು? ನೈಯಾಯಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದು ಇದಕ್ಕಾಗಿಯೇ ಇರಬೇಕು. ಏಡಿ ಕಿತ್ತು ತಿಂದಿದ್ದರೆ ಅದು ಪ್ರಧ್ವಂಸಾಭಾವ. ಕೋಲು ಬೀಸಿದಾಗಲೇ ಉಂಡೆ ಹಾರಿ ಹಿಂದಿನ ಲಂಟಾನ ಪೊದೆಗೆ ಬಿದ್ದು, ನೀರಿನಲ್ಲಿ ಎಂದೂ ಇರದ ಎರೆಗಾಗಿ ಮಧ್ಯಾಹ್ನವಿಡೀ ಕಾದಿದ್ದರೆ ಅದು ಅತ್ಯಂತಾಭಾವ. ಎರೆ ಗಾಳವಲ್ಲ, ಗಾಳ ಎರೆಯಲ್ಲ ಎಂಬುದು ಅನ್ಯೋನ್ಯಾಭಾವ; ನಾಲ್ಕರಲ್ಲಿ ಇದೊಂದನ್ನು ವಯಸ್ಸಾದ ಗೆಂಡೆಗಳು ನಮಗಿಂತ ಚೆನ್ನಾಗಿ ಬಲ್ಲವು. ಉಂಡೆಯನ್ನು ಹೀರಿ, ಮುಳ್ಳು ತಾಗಿದ ಕೂಡಲೇ ಉಗುಳಿ, ಬಿದ್ದ ಚೂರನ್ನು ಮತ್ತೆ ಹೀರುತ್ತವೆ.

ಉಳಿದದ್ದು ಪ್ರಾಗಭಾವ, ಅಂದರೆ ಇನ್ನೂ ಹುಟ್ಟದ ವಸ್ತುವಿನ ಇಲ್ಲದಿರುವಿಕೆ. ಇದರ ಉದಾಹರಣೆಗೆ ಕೆರೆಯವರೆಗೆ ಹೋಗಬೇಕಿಲ್ಲ. ನಾಳೆ ಮುದ್ದೆ ಮಾಡುವುದಿಲ್ಲ, ಉಪ್ಪಿಟ್ಟು ಎಂದು ಅಡುಗೆಮನೆಯಿಂದ ಅಪ್ಪಣೆಯಾಗಿದೆ. ಉಪ್ಪಿಟ್ಟು ಮುಳ್ಳಿನ ಮೇಲೆ ನಿಲ್ಲುತ್ತದೆಯೇ ಎಂಬ ಬಗ್ಗೆ ಪೂರ್ವಾಚಾರ್ಯರು ಏನನ್ನೂ ಹೇಳಿ ಹೋಗಿಲ್ಲ.