ಮುಂದೆ ಹೋಗಿ, ಇನ್ನೂ ಮುಂದೆ

ರೈಲು ಟಿಕೆಟ್ಟಿನಷ್ಟು ಬಾಯಿಬಡಕ ಕಾಗದ ಇನ್ನೊಂದಿಲ್ಲ. ನಿಮ್ಮ ಹೆಸರು, ಮುಚ್ಚಿಡಬೇಕೆಂದಿದ್ದ ವಯಸ್ಸು, ಬೋಗಿ ಯಾವುದು, ಬರ್ತು ಮೇಲಿನದೋ ಕೆಳಗಿನದೋ, ಎಲ್ಲವನ್ನೂ ಒದರುತ್ತದೆ. ಆದರೆ ಆ ಬೋಗಿ ಬರುವಾಗ ನೀವು ಪ್ಲಾಟ್‌ಫಾರ್ಮಿನ ಯಾವ ಮೂಲೆಯಲ್ಲಿ ನಿಂತಿರಬೇಕು ಅಂತ ಕೇಳಿ ನೋಡಿ. ಆವಾಗ ಮಾತ್ರ ಮೌನವ್ರತ.

ಬೈಯಪ್ಪನಹಳ್ಳಿಯಲ್ಲಿ ಈ ಪರೀಕ್ಷೆಗೆ ಮೊದಲು ಒಂದು ಪೂರ್ವಭಾವಿ ಪರೀಕ್ಷೆಯೂ ಉಂಟು: ಸ್ಟೇಷನ್ನೇ ಯಾವುದು? ಮೆಟ್ರೊ ಬೈಯಪ್ಪನಹಳ್ಳಿ ಒಂದು. ಅದರ ಪಕ್ಕದಲ್ಲೇ ಹಳೇ ರೈಲ್ವೆ ಬೈಯಪ್ಪನಹಳ್ಳಿ ಮತ್ತೊಂದು. ನಿಮ್ಮ ದೂರದೂರಿನ ಗಾಡಿ ಹೊರಡುವುದು ಮಾತ್ರ ಮೂರನೆಯದರಿಂದ. ಆಟೋದವರ ಜೊತೆ ಚೌಕಾಸಿ ಮುಗಿಸಿ ತಲುಪಬೇಕಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಅದು. 2022ರ ಜೂನ್ 6ರಂದು ಎರ್ನಾಕುಲಂ ಗಾಡಿ ಬಿಟ್ಟು ಶುರು ಮಾಡಿದರು. ಸುಮಾರು 314 ಕೋಟಿ ರೂಪಾಯಿ ಖರ್ಚು, ಏಳು ಪ್ಲಾಟ್‌ಫಾರ್ಮು, ಏರ್‌ಪೋರ್ಟಿನ ಗತ್ತು, ತಣ್ಣನೆ ಏಸಿ. ಆ ತಂಪಿನಲ್ಲಿ ಕೂತಿದ್ದವರೂ ಪ್ಲಾಟ್‌ಫಾರ್ಮಿಗೆ ಇಳಿದ ತಕ್ಷಣ ಬೆವರಿ, ‘ಎಸ್‌4 ಎಲ್ಲಿ ಬರುತ್ತೆ?’ ಅನ್ನುತ್ತಾರೆ.

ಯಾರ ಹೆಸರಿನ ಜಾಗ ಅನ್ನುವುದನ್ನೂ ನೋಡಿ. ರೈಲಿನಲ್ಲಿ ಹೋಗುತ್ತಿದ್ದ ವಿಶ್ವೇಶ್ವರಯ್ಯನವರು ಚಕ್ರದ ಸದ್ದು ಕೇಳಿಯೇ ಮುಂದೆ ಹಳಿ ಬಿರುಕು ಬಿಟ್ಟಿದೆ ಅಂತ ಸರಪಳಿ ಎಳೆದರಂತೆ. ಮೇಷ್ಟರು ಹೇಳಿದ ಈ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅವರು ಕಾಣದ ಹಳಿಯನ್ನು ಕಂಡುಹಿಡಿದರು. ನಮಗೆ ಕಣ್ಣೆದುರು ನಿಂತ ಬೋಗಿಯೇ ಸಿಗುವುದಿಲ್ಲ.

ಪೂರ್ತಿ ನಮ್ಮ ತಪ್ಪೂ ಅಲ್ಲ ಅನ್ನಿ. ಈಗಿನ ಎಲ್‌ಎಚ್‌ಬಿ ಬೋಗಿ ಒಂದೊಂದೂ ಹತ್ತಿರ ಹತ್ತಿರ 24 ಮೀಟರ್. ಅಂಥವು 22 ಸೇರಿದರೆ ಎಂಜಿನ್ ಬಿಟ್ಟೇ ಅರ್ಧ ಕಿಲೋಮೀಟರ್ ದಾಟಿತು. ನಮ್ಮ ವಿಧಾನಸೌಧದ ಉದ್ದ 700 ಅಡಿ. ಅಂಥ ಎರಡೂವರೆ ಸೌಧಗಳನ್ನು ಸಾಲಾಗಿ ನಿಲ್ಲಿಸಿ, ಸೂಟ್‌ಕೇಸು, ನೀರಿನ ಕ್ಯಾನು, ಚಿತ್ರಾನ್ನದ ಡಬ್ಬಿ ಹೊರಿಸಿ, ‘ನಿಮ್ಮ ಬಾಗಿಲು ಹುಡುಕಿ’ ಅಂದರೆ ಶಾಸಕರೂ ಕಂಗಾಲಾಗುತ್ತಾರೆ.

ಈ ಸಂಕಟದಲ್ಲೇ ಪ್ಲಾಟ್‌ಫಾರ್ಮಿನ ಪಂಥಗಳು ಹುಟ್ಟಿವೆ. ಮೊದಲನೆಯದು ಬೋರ್ಡುಭಕ್ತರದು. ತಲೆ ಮೇಲಿನ ಕೆಂಪಕ್ಷರದ ಬೋರ್ಡು ಎಸ್‌4 ಅಂತ ಮಿನುಗಿದ ತಕ್ಷಣ ಅದರ ಕೆಳಗೆ ಪಟ್ಟಾಗಿ ಕೂರುತ್ತಾರೆ, ಅಲುಗುವುದಿಲ್ಲ. ಎರಡನೆಯದು ಮೊಬೈಲ್ ಪಂಥ. ‘ವೇರ್ ಈಸ್ ಮೈ ಟ್ರೈನ್’ ತೆರೆದು ಬೋಗಿಗಳ ಸಾಲನ್ನು ಬೆರಳಲ್ಲಿ ಸರಿಸುತ್ತಾರೆ. ಆ ಆ್ಯಪ್ ಮಾಡಿದ ಸಿಗ್ಮಾಯ್ಡ್ ಲ್ಯಾಬ್ಸ್ ಬೆಂಗಳೂರಿನದೇ. 2018ರಲ್ಲಿ ಗೂಗಲ್ ಕೊಂಡುಕೊಂಡಿತು. ಗಾಡಿ ಎಲ್ಲಿದೆ ಅಂತ ಅದು ಹೇಳುತ್ತದೆ, ಬೋಗಿ ಎಷ್ಟನೆಯದು ಅಂತಲೂ ಹೇಳುತ್ತದೆ. ಎಣಿಕೆ ಶುರು ಮಾಡಬೇಕಾದದ್ದು ಎಡಗಡೆಯಿಂದಲೋ ಬಲಗಡೆಯಿಂದಲೋ ಅನ್ನುವುದರ ಮೇಲೆ ಮಾತ್ರ ಗಂಡ ಹೆಂಡಿರ ಜಗಳ.

ಮೂರನೆಯವರು ಮಧ್ಯಮಮಾರ್ಗಿಗಳು. ನಟ್ಟನಡುವೆ ನಿಂತರೆ ಯಾವ ಕಡೆಗಾದರೂ ಓಡಬಹುದು ಅನ್ನುವುದು ಅವರ ಸಿದ್ಧಾಂತ. ಬಹುಮತವೂ ಅವರದೇ. ಆದ್ದರಿಂದಲೇ ಗಾಡಿ ಬಂದಾಗ ಪ್ಲಾಟ್‌ಫಾರ್ಮಿನ ಎರಡು ತುದಿಯಲ್ಲಿ ನೊಣವಿಲ್ಲ, ನಡುವೆ ಅರ್ಧ ಜನ ಅತ್ತ, ಅರ್ಧ ಜನ ಇತ್ತ ಓಡಿ ಡಿಕ್ಕಿ.

‘ರೀ, ಯಾರನ್ನಾದ್ರೂ ಕೇಳಬಾರದಾ?’

‘ಸುಮ್ನಿರೇ, ಬೋರ್ಡ್ ಹಾಕ್ತಾರೆ.’

ಕೊನೆಗೆ ಕೇಳುವವರು ಆಕೆಯೇ. ಕನ್ನಡ, ಹಿಂದಿ, ಬಂಗಾಳಿ, ಮಲಯಾಳ, ಯಾವುದರಲ್ಲಿ ಕೇಳಿದರೂ ಉತ್ತರ ಒಂದೇ: ‘ಮುಂದೆ ಹೋಗಿ.’ ಹಳಿ ಖಾಲಿ ಇದೆ, ಎಂಜಿನ್ನಿನ ಸುಳಿವಿಲ್ಲ. ಮುಂದೆ ಯಾವುದು, ಹಿಂದೆ ಯಾವುದು? ಅವರು ಮುಖ ಮಾಡಿದ ದಿಕ್ಕೇ ಮುಂದೆ. ಅಲ್ಲಿ ಹೋಗಿ ಇನ್ನೊಬ್ಬರನ್ನು ಕೇಳಿದರೆ ಅವರ ಮುಖ ಈ ಕಡೆಗೆ.

ಇದರಲ್ಲಿ ನಿಜವಾದ ತಮಾಷೆ ಏನು ಗೊತ್ತೇ? ಇಲ್ಲಿ ಓಡಬೇಕಾದ ಅಗತ್ಯವೇ ಇಲ್ಲ! ಒಂದೆರಡು ನಿಮಿಷ ನಿಲ್ಲುವ ಕೆ.ಆರ್. ಪುರದಲ್ಲೋ ಕಂಟೋನ್ಮೆಂಟಿನಲ್ಲೋ ಓಡಿ, ಒಪ್ಪೋಣ. ಇದು ಟರ್ಮಿನಲ್ ಸ್ವಾಮೀ, ಗಾಡಿ ಹುಟ್ಟುವ ಜಾಗ. ಖಾಲಿ ಗಾಡಿಯನ್ನು ಹೊರಡುವ ಹೊತ್ತಿಗೆ ಮುಂಚೆಯೇ ತಂದು ನಿಲ್ಲಿಸುತ್ತಾರೆ. ಬರ್ತು ನಿಮ್ಮ ಹೆಸರಿನಲ್ಲಿದೆ, ಓಡಿಹೋಗುವುದಿಲ್ಲ. ಜನರಲ್ ಬೋಗಿಯವರು ಓಡುವುದಕ್ಕೆ ಅರ್ಥವಿದೆ, ಅವರಿಗೆ ಮೊದಲು ಕೂತವರದೇ ಸೀಟು. ಕನ್‌ಫರ್ಮ್ ಟಿಕೆಟ್ ಕಿಸೆಯಲ್ಲಿಟ್ಟುಕೊಂಡವರೂ ಯಾಕೆ ಓಡುತ್ತಾರೆ? ಪಕ್ಕದವರು ಓಡಿದರು, ಅದಕ್ಕೆ. ನಮ್ಮ ಜನಕ್ಕೆ ಬೋಗಿ ಬೇಡ, ಎಲ್ಲರಿಗಿಂತ ಮೊದಲು ಸಿಕ್ಕ ಬೋಗಿ ಬೇಕು.

ಗಾಡಿಗಳೂ ಮಹಾ ಕಿಲಾಡಿಗಳು. ಇಲ್ಲಿಂದ ಹೊರಡುವ ಮುರುಡೇಶ್ವರದ ಗಾಡಿಯನ್ನೇ ತಗೊಳ್ಳಿ. ಮೈಸೂರು, ಹಾಸನ ದಾಟಿ ಘಟ್ಟ ಇಳಿಯುತ್ತದೆ. ಬಂಟ್ವಾಳದ ಹತ್ತಿರ ಬಂದಾಗ ನೀವು ಉಡುಪಿಯ ಭಾವನಿಗೆ ಫೋನ್ ಮಾಡಿ, ‘ಎಂಜಿನ್ನಿಂದ ಐದನೇ ಬೋಗಿ ಭಾವ’ ಅಂತ ಜಾಣತನ ಮೆರೆಯುತ್ತೀರಿ. ಮಂಗಳೂರು ಸೆಂಟ್ರಲ್‌ನಲ್ಲಿ ಎಂಜಿನ್ ಕಳಚಿ ಇನ್ನೊಂದು ತುದಿಗೆ ಜೋಡಿಸುತ್ತಾರೆ, ಬಾಲವೇ ತಲೆಯಾಯಿತು. ಉಡುಪಿಯಲ್ಲಿ ಭಾವ ಒಂದು ತುದಿ, ನೀವು ಇನ್ನೊಂದು ತುದಿ. ಲಗೇಜು ಹೊರಬೇಕಿದ್ದ ಭಾವನವರು ಇದಕ್ಕಾಗಿ ರೈಲ್ವೆಯವರಿಗೆ ಒಳಗೊಳಗೇ ಕೃತಜ್ಞರು.

ಬುದ್ಧಿವಂತರ ಉಪಾಯ ಸರಳ. ಗಾಡಿ ನುಸುಳುವಾಗ ಜನರ ಮುಖ ನೋಡಬೇಡಿ, ಬಾಗಿಲ ಪಕ್ಕದ ಅಕ್ಷರ ನೋಡಿ. ಎಸ್ ಸ್ಲೀಪರ್, ಬಿ ಮೂರು ಹಂತದ ಏಸಿ, ಎ ಎರಡು ಹಂತದ್ದು, ಎಚ್ ಮೊದಲ ದರ್ಜೆ. ಎಸ್‌1, ಎಸ್‌2 ಸಾಲು ಎತ್ತ ಏರುತ್ತಿದೆ ಅಂತ ತಿಳಿದರೆ ಸಾಕು, ನಡೆದೇ ತಲುಪಬಹುದು.

ಹೀಗೆ ಶಾಂತವಾಗಿ ನಡೆದು, ಎಸ್‌4 ಹುಡುಕಿ, ಕೆಳಗಿನ ಬರ್ತಿನಲ್ಲಿ ಚೀಲ ಸೇರಿಸಿ, ಚಪ್ಪಲಿ ಬಿಚ್ಚಿ ಕಾಲು ಚಾಚುತ್ತೀರಿ. ಆಗ ಒಬ್ಬ ಸಜ್ಜನರು ಹಲ್ಲು ಕಿರಿಯುತ್ತಾ ಬರುತ್ತಾರೆ: ‘ಸಾರ್, ನೀವೊಬ್ರೇನಾ? ನಾವು ಫ್ಯಾಮಿಲಿ. ನಮ್ದೊಂದು ಬರ್ತು ಎಸ್‌10ರಲ್ಲಿ ಬಂದ್ಬಿಟ್ಟಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊತೀರಾ?’

ಎಸ್‌10 ಎಲ್ಲಿದೆ ಅಂತ ಮಾತ್ರ ಅವರನ್ನು ಕೇಳಬೇಡಿ. ‘ಇಲ್ಲೇ ಸಾರ್, ಮುಂದೆ’ ಅನ್ನುತ್ತಾರೆ.