ಸಾಯುವುದೇ ನನ್ನ ಉದ್ಯೋಗ: ಒಂದು ಫ್ಯೂಸಿನ ಸಂದರ್ಶನ

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ ಹತ್ತಿರದ ಒಂದು ಗಲ್ಲಿ. ಸಾಹೇಬರೊಬ್ಬರ ಬಿಳಿ ಗಾಡಿಗೆ ವೈರ್‌ಲೆಸ್ ಸೆಟ್ ಕೂರಿಸುವ ಕೆಲಸ ನಡೆದಿತ್ತು. ಡಬ್ಬಿಯಿಂದ ಹೊರಬಂದ ಸೆಟ್ಟಿಗೆ ಸೀಟು ಸಿಕ್ಕಿತು, ಮೈಕಿಗೆ ಕೊಕ್ಕೆ ಸಿಕ್ಕಿತು, ಆಂಟೆನಾಕ್ಕೆ ಸಾಹೇಬರ ಕೈಯಿಂದಲೇ ಸವರಿಸಿಕೊಳ್ಳುವ ಯೋಗ ಸಿಕ್ಕಿತು. ಅದೇ ಡಬ್ಬಿಯಲ್ಲಿ ಬಂದಿದ್ದ 15 ಆಂಪಿಯರಿನ ನೀಲಿ ಫ್ಯೂಸ್ ಮಾತ್ರ ಸ್ಪ್ಯಾನರುಗಳ ನಡುವೆ ಬಿದ್ದಿತ್ತು. ಮಾತಾಡಿಸಿದೆ. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವಾದ್ದರಿಂದ ಇಲ್ಲಿನ ಫ್ಯೂಸಿಗೆ ಕಲಬುರಗಿ ಕನ್ನಡ ಬರುವುದರಲ್ಲಿ ವಿಶೇಷವೇನಿಲ್ಲ.

ನಮಸ್ಕಾರ. ತಮ್ಮ ಉದ್ಯೋಗ?

ಸಾಯೂದ್ರಿ.

ಅಷ್ಟೇನಾ?

ಟೈಮಿಗೆ ಸರಿಯಾಗಿ ಸಾಯೂದು. ಸಣ್ಣ ಮಾತೇನ್ರಿ? ಈ ಊರಾಗ ಟೈಮಿಗೆ ಸರಿಯಾಗಿ ಮತ್ತೇನಾಗ್ತದ, ನೀವೇ ಹೇಳ್ರಿ.

ಕೆಲಸ ಹೇಗೆ ನಡೆದಿದೆ?

ನೋಡ್ರಲ್ಲಾ. 50 ವ್ಯಾಟಿನ ಸೆಟ್ ಅದು. ಮೈಕಿನ ಗುಂಡಿ ಒತ್ತಿದ ಕೂಡ್ಲೆ ಹತ್ತು ಹನ್ನೆರಡು ಆಂಪಿಯರ್ ಕುಡೀತದ. ನಮ್ಮ ಮೆಕ್ಯಾನಿಕ್ ಭಾಯಿ ಅದಕ್ಕ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕರೆಂಟ್ ಕೊಡ್ತೀನಿ ಅಂದ. ಮೊಬೈಲ್ ಚಾರ್ಜ್ ಮಾಡೂ ಜಾಗ ಅದು! ಸಾಹೇಬ್ರ ಡ್ರೈವರ್ ಬ್ಯಾಡ ಅಂದಿದ್ದಕ್ಕ ಈಗ ಬ್ಯಾಟರಿಯಿಂದ ಎಳೀಲಕತ್ತಾನ. ಆದ್ರ ವೈರ್ ನೋಡ್ರಿ, ಮನ್ಯಾಗ ಸೊನ್ನೆ ಬಲ್ಬಿಗೆ ಹಾಕೂದು. ಬ್ಯಾಟರಿಯಾಗ ಹೊರಟ ವೋಲ್ಟೇಜ್ ಸರ್ಕಾರದ ಅನುದಾನ ಇದ್ದಂಗ, ಮುಟ್ಟೂದ್ರಾಗ ದಾರಿಯಾಗೇ ಅರ್ಧ ಖರ್ಚು. ಸೆಟ್ ಚಾಲೂ ಆಗ್ತದ, ಮಾತಾಡ್ಲಕ ಹೋದ್ರ ಬಂದ್ ಬೀಳ್ತದ. ಆಮ್ಯಾಲ ಸೆಟ್ಟೇ ಖರಾಬ್ ಅಂತ ಅಂಗಡಿಯವನ ಸಂಗಡ ಜಗಳ.

ನಿಮ್ಮನ್ನು ಎಲ್ಲಿ ಹಾಕುತ್ತಾರೆ?

ಅದೇ ನನ್ನ ದುಃಖ. ಡ್ಯಾಶ್‌ಬೋರ್ಡ್ ಕೆಳಗ ಹಾಕ್ತಾರಂತ, ಸೆಟ್ಟಿನ ಪಕ್ಕದಾಗ. ಬದಲಿ ಮಾಡ್ಲಕ ಸಲೀಸು ನೋಡ್ರಿ. ನನ್ನ ಜಾಗ ಅಲ್ರಿ ಅದು. ನಾ ಇರಬೇಕಾದ್ದು ಬ್ಯಾಟರಿ ಬುಡಕ್ಕ, ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗ.

ಎಲ್ಲಿದ್ದರೂ ಫ್ಯೂಸ್ ಫ್ಯೂಸೇ ಅಲ್ಲವೇ?

ಸೆಟ್ ಉಳಿಸಲಿಕ್ಕೆ ನಾ ಇದ್ದೀನಿ ಅಂತ ಮಂದಿ ತಿಳ್ಕೊಂಡಾರ. ನಾ ಇರೂದು ವೈರ್ ಕಾಯ್ಲಿಕ್ಕೆ, ಗಾಡಿ ಕಾಯ್ಲಿಕ್ಕೆ. ಬಾನೆಟ್ಟಿನಿಂದ ಒಳಗ ಬರೂ ದಾರಿಯಾಗ ಒಂದು ತಗಡಿನ ಗೋಡಿ ಅದ. ಭಾಯಿ ಅದಕ್ಕ ಡ್ರಿಲ್ ಹಾಕ್ಯಾನ, ಹಿಂದ ಏನದ ಅಂತ ನೋಡದೇ. ಪುಣ್ಯಕ್ಕ ಬ್ರೇಕ್ ಪೈಪ್ ಉಳೀತು. ತೂತಿನ ಅಂಚು ಹರಿತ ಅದ. ಅಲ್ಲಿ ಒಂದು ರಬ್ಬರ್ ಬುಷ್ ಹಾಕಬೇಕ್ರಿ. ಹಾಕಿಲ್ಲ. ಗಾಡಿ ನಾಂಪಲ್ಲಿಯಿಂದ ಅಬಿಡ್ಸಿಗೆ ಹೋಗೂದ್ರಾಗ ಎಷ್ಟು ಕುಣೀತದ! ದಿನಾ ಕುಣಿದು ಕುಣಿದು ವೈರಿನ ಪ್ಲಾಸ್ಟಿಕ್ ಸವೀತದ, ಒಂದಿನ ಒಳಗಿನ ತಾಮ್ರ ಬಾಡಿಗೆ ತಾಗ್ತದ. ಬ್ಯಾಟರಿಗೆ ನಾಚಿಕಿ ಇಲ್ರಿ, ಶಾರ್ಟ್ ಆದ್ರ ನೂರಾರು ಆಂಪಿಯರ್ ಸುರೀತದ. ವೈರ್ ಕೆಂಪಗಾಗಿ ಅಕ್ಕಪಕ್ಕದ ವೈರಿಗೂ ಬೆಂಕಿ ಹಚ್ತದ. ಆವಾಗ ನಾ ಎಲ್ಲಿರ್ತೀನಿ? ಡ್ಯಾಶ್‌ಬೋರ್ಡ್ ಕೆಳಗ ಆರಾಮ ಕುಂತಿರ್ತೀನಿ. ಆ ಕರೆಂಟ್ ನನ್ನ ತನಕ ಬರೂದೇ ಇಲ್ಲ. ಗಾಡಿ ಸುಟ್ಟು ಹೋದ ಮ್ಯಾಲ ಪಂಚನಾಮೆಯಾಗ ನನ್ನ ಹೆಸರು ಬರ್ತದ ನೋಡ್ರಿ: ಫ್ಯೂಸ್ ಸುಸ್ಥಿತಿಯಲ್ಲಿದೆ!

ಸ್ವಲ್ಪ ಹೆದರಿಸುತ್ತಿದ್ದೀರಿ ಅನ್ನಿಸುವುದಿಲ್ಲವೇ?

2023ರ ನವೆಂಬರ್ 13, ಇದೇ ನಾಂಪಲ್ಲಿಯ ಬಜಾರ್‌ಘಾಟ್. ಕೆಳಗ ಕಾರು ರಿಪೇರಿ ನಡೆದಿತ್ತು ಅಂತ ವರದಿ, ಅಲ್ಲೇ ಕೆಮಿಕಲ್ ಡ್ರಮ್ಮುಗಳು, ಮ್ಯಾಲ ಸಂಸಾರಗಳು. ಬೆಂಕಿ ಬಿತ್ತು. ಒಂಬತ್ತು ಮಂದಿ ಹೋದ್ರು. ರೇಡಿಯೋಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೌದು. ಕಿಡಿ ಏನು ಸಂಬಂಧ ಕೇಳಿ ಹಾರ್ತದೇನ್ರಿ? ಮುಂದಿನ ಪ್ರಶ್ನೆ ಕೇಳ್ರಿ.

ನೀವು ಸುಟ್ಟರೆ ಭಾಯಿ ಏನು ಮಾಡುತ್ತಾನೆ?

ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಸುತ್ತಿ ನನ್ನನ್ನೇ ಮತ್ತ ಕೂಡಿಸ್ತಾನ. ಇಲ್ಲಾ, 30 ಆಂಪಿಯರಿನ ನಮ್ಮ ಹಸಿರು ಅಣ್ಣನ್ನ ತರ್ತಾನ. ಅವನು ಸಾಯಲ್ಲ, ವೈರೇ ಮೊದ್ಲು ಸಾಯ್ತದ. "ಕುಛ್ ನೈ ಹೋತಾ ಸಾಬ್" ಅಂತಾನ ಭಾಯಿ. ಯಾಕ ಸುಟ್ಟೆ ಅಂತ ನಮ್ಮಂಥಾ ಫ್ಯೂಸಿಗೆ ಇವತ್ತಿನ ತನಕ ಒಬ್ಬರೂ ಕೇಳಿಲ್ರಿ.

ಆಂಟೆನಾ ಭಾರೀ ಉದ್ದವಿದೆ.

2017ರ ಮೇ 1ಕ್ಕ ಗಾಡಿ ಮ್ಯಾಲಿನ ಕೆಂಪು ದೀಪ ತೆಗೆಸಿದ್ರಲ್ಲಾ, ತಲಿ ಮ್ಯಾಲ ಏನೂ ಇಲ್ಲ ಅಂತ ಸಾಹೇಬ್ರಿಗೆ ಭಣಭಣ ಅನಿಸಿತ್ತು. ಇದು ಬಂತು. 145 ಮೆಗಾಹರ್ಟ್ಸಿಗೆ ಅರ್ಧ ಮೀಟರ್ ಕಡ್ಡಿ ಸಾಕು, ಛಾವಣಿ ನಟ್ಟನಡುವ ನಿಲ್ಲಿಸಬೇಕು, ಸುತ್ತಲಿನ ತಗಡೇ ಅದಕ್ಕ ಆಸರ. ಮೀಟರ್ ಹಚ್ಚಿ ಎಸ್‌ಡಬ್ಲ್ಯುಆರ್, ಅಂದ್ರ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರ್ತದ ಅನ್ನೂ ಲೆಕ್ಕ, ನೋಡಬೇಕು. ಒಂದೂವರಿಯೊಳಗ ಇದ್ರ ಚಲೋ. ಸಾಹೇಬ್ರು ಬಂಪರಿಗೇ ಹಾಕು ಅಂದ್ರು, ಹಿಂದಿನ ಗಾಡಿಯವ್ರಿಗೆ ಕಾಣಬೇಕಂತ. ಸೆಟ್ ಮಾತಾಡೂವಾಗ ಯಾರರೆ ಆ ಕಡ್ಡಿ ಹಿಡಿದ್ರ ಕೈ ಚುರ್ ಅಂತದ. ಅಲ್ಲೇ ಮಂದಿ ನಮಸ್ಕಾರ ಮಾಡ್ಲಕ ನಿಲ್ಲೂದು.

ಸೆಟ್ ಕೂತಿರುವ ಜಾಗ?

ಏರ್‌ಬ್ಯಾಗಿನ ಮುಚ್ಚಳದ ಮ್ಯಾಲ. ಬ್ಯಾಗ್ ಬಿಚ್ಚಿದ್ರ ಎರಡು ಕಿಲೋ ಕಬ್ಬಿಣ ಸೀದಾ ಸಾಹೇಬ್ರ ಮಾರಿಗೆ. ಡಿಕ್ಕಿಯಾಗ ಇಡೋಣ ಅಂದ್ರ ಅಲ್ಲಿ ಸಿಎನ್‌ಜಿ ಸಿಲಿಂಡರ್ ಅದ. ಗ್ಯಾಸಿನ ಸಂಗಡ ಒಂದೇ ಗೂಡಿನಾಗ ಸೆಟ್ ಇಡಬಾರದು. ಸೀಟಿನ ಕೆಳಗ, ಗಾಳಿ ಆಡೂ ಕಡೆ, ಬೋಲ್ಟ್ ಬಿಗಿದು ಇಟ್ರ ಮುಗೀತಿತ್ತು. ಆದ್ರ ಅಲ್ಲಿ ಕಾಣಲ್ಲಲ್ರಿ.

ಲೈಸೆನ್ಸ್ ಇದೆಯೇ?

ಸಾಹೇಬ್ರ ಹೆಸರೇ ಲೈಸೆನ್ಸ್ ಅಂತ ಡ್ರೈವರ್ ಹೇಳ್ದ. ಸೆಟ್ ಇಟ್ಕೊಳ್ಳಾಕೂ ಪರವಾನಗಿ ಬೇಕು ಅಂತ 1933ರಾಗೇ ಕಾಯ್ದೆ ಆಗ್ಯಾದ. ಪರೀಕ್ಷೆ ಬರೆದು ಹ್ಯಾಮ್, ಅಂದ್ರ ಹವ್ಯಾಸಿ ರೇಡಿಯೋದವ, ಆದ್ರ ಕೇಂದ್ರ ಸರ್ಕಾರ ವಿಯು ಅಂತ ಶುರು ಆಗೂ ಕರೆ-ಹೆಸರು ಕೊಡ್ತದ. ರಾಜೀವ್ ಗಾಂಧಿಯವ್ರಿಗೂ ಇತ್ತು, ವಿಯು2ಆರ್‌ಜಿ. ಇಲ್ಲಿಂದ ಸೋಮಾಜಿಗುಡಕ್ಕ ಆಟೋ ಹಿಡಿದ್ರ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಅದ, 1983ರಿಂದ. ಅಲ್ಲಿಯ ಭಾರತಿ ಪ್ರಸಾದ್ ಅವರು 2004ರ ಡಿಸೆಂಬರಿನಾಗ ಪೋರ್ಟ್ ಬ್ಲೇರಿನಾಗಿದ್ರು. ಸುನಾಮಿ ಬಂದು ಫೋನ್ ಸತ್ತಾಗ ಅಂಡಮಾನಿನ ಸುದ್ದಿ ಹೊರಗ ಕಳಿಸಿದ್ದು ಅವರ ಸೆಟ್ಟು. ಅಂಥಾ ಸೆಟ್ಟಿನ ವೈರಿನಾಗ ಕುಂತು ಸತ್ರೂ ನನಗ ಗೌರವ ಇತ್ರಿ.

ಸಾಹೇಬರು ಇದರಲ್ಲಿ ಮಾತಾಡುವುದು ಯಾರ ಜೊತೆ?

ನನಗೂ ಅದೇ ಸಂಶಯ. ಆ ಕಡೆ ಯಾರ ಹತ್ರನೂ ಸೆಟ್ ಇಲ್ಲ. ಡ್ರೈವರ್ ಹತ್ರ ಮೊಬೈಲ್ ಅದ.

ಕೊನೆಯ ಆಸೆ?

ಭಾಯಿ ಬ್ಯಾಟರಿ ಬಿಚ್ಚದೇನೇ ಸ್ಪ್ಯಾನರ್ ಹಿಡ್ಕೊಂಡು ಬರ್ಲಕತ್ತಾನ, ಅದಕ್ಕ ಲಗೂನ ಹೇಳ್ತೀನಿ, ಬರ್ಕೊಳ್ರಿ. ಕೆಲಸ ಶುರು ಮಾಡೂ ಮೊದ್ಲು ಮೈನಸ್ ಬಿಚ್ರಿ, ಎಲ್ಲಾ ಮುಗಿದ ಮ್ಯಾಲ ಕಡೀಗೆ ಮೈನಸ್ ಹಚ್ರಿ. ಹೊಸ ಗಾಡಿಯಾದ್ರ ಮೈನಸ್ ಟರ್ಮಿನಲ್ಲಿಗೆ ಸೆನ್ಸರ್ ಇರ್ತದ, ಸೆಟ್ಟಿನ ಕರಿ ವೈರನ್ನ ಕಂಪನಿ ತೋರಿಸಿದ ಅರ್ಥ್ ಬೋಲ್ಟಿಗೇ ಕೊಡ್ರಿ. ಪೆಟ್ರೋಲ್ ಬಂಕಿನಾಗ ಮೈಕ್ ಮುಟ್ಟಬ್ಯಾಡ್ರಿ. ಮತ್ತ ನನ್ನಂಥಾದೇ 15ರದ್ದು ಇನ್ನೆರಡು ಗಾಡಿಯಾಗ ಇಟ್ಕೊಳ್ರಿ. 30ರದ್ದು ಬ್ಯಾಡ. ಎರಡೂ ಸುಟ್ಟವು ಅಂದ್ರ ಮೂರನೇದ್ದು ಹುಡುಕ್ಲಕ ಹೋಗಬ್ಯಾಡ್ರಿ, ವೈರ್ ಹುಡುಕ್ರಿ.