ಗಜಾಹ್ವಾನ ಮೀಮಾಂಸೆ: ಅನ್ಯ ತಂತ್ರಾಂಶಗಳು ಲಿಸ್ಪನ್ನು ಕರೆಯುವ ವಿಧಿ

ಸಿ ಭಾಷೆಯ ತಂತ್ರಾಂಶವೊಂದು ಲಿಸ್ಪ್ ಇಂಟರ್‌ಪ್ರಿಟರನ್ನು ಲೈಬ್ರರಿಯಾಗಿ ಕರೆಯುವುದು ಹೇಗೆ? 'ಒಂದು ಸಾಲು ಬರೆದರಾಯಿತು' ಎಂಬುದು ಪೂರ್ವಪಕ್ಷ. ಈ ಪಕ್ಷದವರು ಕಾವೇರಿ ದಾಟಿ ದುಬಾರೆ ಆನೆ ಶಿಬಿರ ಕಂಡವರಲ್ಲ ಎಂಬುದು ಅವರ ವಾದದಿಂದಲೇ ಸಿದ್ಧ.

ಆ ಶಿಬಿರದ ಆನೆಗಳು ಮೈಸೂರು ದಸರಾಕ್ಕೆ ಹೋಗುತ್ತವೆ. ಶಿಬಿರವೇ ಲೈಬ್ರರಿ, ದಸರಾವೇ ಬಾಹ್ಯ ಅಪ್ಲಿಕೇಶನ್. ಒಪ್ಪದವರು ಇಲ್ಲಿಗೇ ಓದು ನಿಲ್ಲಿಸಬಹುದು. ಅರಮನೆ ಕೇಳಿದ್ದು ಆನೆಯನ್ನು. ಬಂದದ್ದು ಆನೆ, ಮಾವುತ, ಕಾವಾಡಿ, ಅವರ ಸಂಸಾರ. ಅಂಗಳದಲ್ಲಿ ಶೆಡ್ ಹಾಕಬೇಕು, ಮಕ್ಕಳಿಗೆ ಟೆಂಟ್ ಶಾಲೆ ತೆರೆಯಬೇಕು. 1958ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಕಟ್ಟಲು ತೊಡಗಿದಾಗಿನಿಂದ ಅದೂ ಒಂಟಿಯಾಗಿ ಬಂದದ್ದಿಲ್ಲ. ಎರಡು ಸಂಖ್ಯೆ ಕೂಡಿಸಲು ಕರೆದರೂ ಹೀಪ್, ಗಾರ್ಬೇಜ್ ಕಲೆಕ್ಟರ್, ಸಿಂಬಲ್‌ಗಳ ಪಟ್ಟಿ ಎಲ್ಲವೂ ಬಂದಿಳಿಯುತ್ತವೆ. ಆದ್ದರಿಂದಲೇ ಇಸಿಎಲ್ ಎಂಬ ಲಿಸ್ಪಿನಲ್ಲಿ ಮೊದಲು ಇವನ್ನೆಲ್ಲ ಅಣಿಗೊಳಿಸುವ 'ಸಿಎಲ್_ಬೂಟ್', ಆಮೇಲೆ ಉಳಿದ ಮಾತು. ದುಬಾರೆಯಲ್ಲಿ ಹೊಳೆ ತುಂಬಿ ದೋಣಿ ನಿಂತ ದಿನ ದಡದಲ್ಲಿ ನಿಂತು ಕೂಗಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಪ್ರವಾಸಿ 'ಕೂತ್ಕೋ' ಎಂದರೆ ಆನೆ ಕೂರದು, ಮಾವುತ ಹೇಳಬೇಕು. ಸಿಯ ಅಕ್ಷರಸಾಲನ್ನೂ ಮೊದಲು ಲಿಸ್ಪ್ ವಸ್ತುವಾಗಿಸಿ, ಬಳಿಕವೇ ಅದನ್ನು ನಡೆಸುವ 'ಸಿಎಲ್_ಇವಾಲ್'ಗೆ ಒಪ್ಪಿಸಬೇಕು. ಮರಳಿ ಬರುವುದೂ ವಸ್ತುವೇ, ಸಂಖ್ಯೆಯಲ್ಲ. ಮೈಸೂರಿಗೆ ಬಂದ ಆನೆಯನ್ನು ವೇಬ್ರಿಡ್ಜ್ ಹತ್ತಿಸಿ ತೂಗುವಂತೆ, ಬಂದದ್ದೇನೆಂದು ಪರೀಕ್ಷಿಸಿಯೇ ಬಳಸತಕ್ಕದ್ದು.

ಪಂಡಿತರು ಎಡವುವುದು ಮುಂದಿನ ಜಾಗದಲ್ಲಿ. ಬಂದ ವಸ್ತುವನ್ನು 'ಮ್ಯಾಲಾಕ್' ಮಾಡಿದ ಮೂಲೆಯೊಂದರಲ್ಲಿ ಮಾತ್ರ ಕಟ್ಟಿಹಾಕಿದರೆ ಕಲೆಕ್ಟರ್ ಕಣ್ಣು ಅಲ್ಲಿಗೆ ಹಾಯದು. ಇದು ಯಾರಿಗೂ ಬೇಡವಾದದ್ದೆಂದು ಅವನು ತೀರ್ಮಾನಿಸುತ್ತಾನೆ. ಆಮೇಲೆ ನಿಮ್ಮ ಕೈಯಲ್ಲಿ ಹಗ್ಗ ಇರುತ್ತದೆ, ಆನೆ ಇರುವುದಿಲ್ಲ.

ದೋಷ ಪ್ರಕರಣವನ್ನು ದಸರಾದವರು ಚೆನ್ನಾಗಿ ಬಲ್ಲರು. ಆನೆ ಬೆದರದಿರಲೆಂದೇ ಮುಂಚಿತವಾಗಿ ಕುಶಾಲತೋಪು ಸಿಡಿಸಿ ತಾಲೀಮು ಕೊಡುತ್ತಾರೆ. ತಾಲೀಮಿಲ್ಲದ, ಅಂದರೆ ದೋಷ ಹಿಡಿಯುವ ಏರ್ಪಾಡಿಲ್ಲದ, 'ಸಿಎಲ್_ಇವಾಲ್' ತಪ್ಪು ಕಂಡೊಡನೆ ಡೀಬಗರ್ ತೆರೆದು, ಯಾರೂ ಕೂತಿರದ ಸರ್ವರ್ ಕೋಣೆಯಲ್ಲಿ ಉತ್ತರಕ್ಕೆ ಕಾಯುತ್ತ ನಿಲ್ಲುತ್ತದೆ.

ಅಂಬಾರಿ ಹೊತ್ತ ಆನೆ ಅಭಿಮನ್ಯು ಮತ್ತಿಗೋಡು ಶಿಬಿರದವನು, ದುಬಾರೆಯವನಲ್ಲ ಎಂಬ ಆಕ್ಷೇಪ ಬರಬಹುದು. ಅದು ಗೈಲ್ ಎಂಬ ಬೇರೊಂದು ಲಿಸ್ಪ್ ಶಾಖೆಯವರ ಚರ್ಚೆ, ಪ್ರಕೃತ ಅಪ್ರಸ್ತುತ.

ಸಿದ್ಧಾಂತವಿಷ್ಟು: 750 ಕಿಲೋ ಅಂಬಾರಿ ಹೊರಿಸುವ ಕೆಲಸವಿದ್ದವರು ಶೆಡ್ ಹಾಕಿಟ್ಟು ಕರೆಯಿರಿ. ಕೂಡುವ ಲೆಕ್ಕವಷ್ಟೇ ಇದ್ದವರು ಸಿಯಲ್ಲೇ ಮುಗಿಸಿಕೊಳ್ಳಿ.